ಮಾಲೆಯಿಂದ ಮೇಜಿಗೆ ಬಂದ ಹೂ

ಜೀವಶಾಸ್ತ್ರದ ಪುಸ್ತಕದಲ್ಲಿ ಒಂದು ಹೂ ಇರುತ್ತದೆ. ಅದು ಯಾವ ಗಿಡದಲ್ಲೂ ಬಿಡುವುದಿಲ್ಲ. ಉದ್ದಕ್ಕೆ ಸೀಳಿದ ಚಿತ್ರ: ಕೆಳಗೆ ಹಸಿರು ಬಟ್ಟಲಿನಂಥ ಪುಷ್ಪಪಾತ್ರೆ, ಎಡಕ್ಕೊಂದು ಬಲಕ್ಕೊಂದು ಎಸಳು, ಪರಾಗ ಹೊತ್ತ ಎರಡು ಕೇಸರ, ನಡುವೆ ಹೂಜಿಯ ಆಕಾರದ ಹೆಣ್ಣು ಅಂಗ ಶಲಾಕೆ, ಹೂಜಿಯ ಹೊಟ್ಟೆಯಾದ ಅಂಡಾಶಯದಲ್ಲಿ ಮುತ್ತು ಪೋಣಿಸಿದ ಹಾಗೆ ಮುಂದೆ ಬೀಜವಾಗುವ ಅಂಡಕಗಳು. ಬಾಣದ ಗುರುತು ಹಾಕಿ ಹೆಸರು ಬರೆದರೆ ಪೂರ್ತಿ ಅಂಕ. ಮರುದಿನ ಅದೇ ಮಕ್ಕಳ ಕೈಗೆ ಒಂದು ಚೆಂಡುಹೂ ಕೊಟ್ಟು ‘ಇದರಲ್ಲಿ ಎಸಳು ಎಷ್ಟು?’ ಎಂದು ಕೇಳಿ ನೋಡಿ. ನೂರು ಎನ್ನುತ್ತಾರೆ, ಇಲ್ಲವೇ ಲೆಕ್ಕವಿಲ್ಲದಷ್ಟು ಎನ್ನುತ್ತಾರೆ. ಎರಡೂ ತಪ್ಪು. ಆದರೆ ಮಕ್ಕಳನ್ನು ದೂರುವಂತಿಲ್ಲ. ಅವರಿಗೆ ಕಲಿಸಿದ್ದು ಚಿತ್ರವನ್ನು, ಕೈಗೆ ಕೊಟ್ಟದ್ದು ಹೂವನ್ನು.

ಮುಂಬಯಿಯಲ್ಲಿ ಈ ತೊಡಕು ಇನ್ನೊಂದು ಸುತ್ತು ಹೆಚ್ಚು. ಇಲ್ಲಿ ಹೂ ಗಿಡದಿಂದ ನೇರ ತರಗತಿಯ ಮೇಜಿಗೆ ಬರುವುದು ಕಡಿಮೆ. ಮಾಲೆಯಿಂದ, ಪೊಟ್ಟಣದಿಂದ, ದಾದರ್ ಪಶ್ಚಿಮದ ಹೂವಿನ ಮಾರುಕಟ್ಟೆಯ ಗೋಣಿಯಿಂದ, ಮಾಟುಂಗದ ಹೂವಿನಂಗಡಿಯ ಬಾಳೆಲೆಯ ಮೇಲಿಂದ ಬರುತ್ತದೆ. ಮಾರುವವರು ಅದನ್ನು ಆರಿಸಿದ್ದು ದೇವರಿಗಾಗಿ, ಮುಡಿಗಾಗಿ. ತುಂಬು ದಳ, ಬಾಳಿಕೆ, ಬಣ್ಣ, ಪರಿಮಳ ಇಷ್ಟೇ ಅವರಿಗೆ ಬೇಕಾದದ್ದು. ಕೇಸರ ಇದೆಯೇ, ಅಂಡಾಶಯ ಸರಿಯಿದೆಯೇ ಎಂದು ಯಾವ ಗಿರಾಕಿಯೂ ಕೇಳುವುದಿಲ್ಲ. ಹಾಗಾಗಿ ಪಾಠಕ್ಕೆ ಹೂ ಕೊಳ್ಳುವವರು ಮೊದಲು ಪ್ರಶ್ನೆಯನ್ನು ಗಟ್ಟಿಮಾಡಿಕೊಂಡು ಆಮೇಲೆ ಪೇಟೆಗೆ ಹೋಗಬೇಕು. ಕೇಸರದ ಕೊಳವೆ ತೋರಿಸಬೇಕೇ? ಬಿಡಿ ಬಿಡಿ ಶಲಾಕೆ ತೋರಿಸಬೇಕೇ? ಪ್ರಶ್ನೆಗೆ ತಕ್ಕ ಹೂ. ಒಂದೇ ಹೂವಿನಲ್ಲಿ ಎಲ್ಲವನ್ನೂ ತೋರಿಸುತ್ತೇನೆಂದು ಹೊರಟರೆ ಮತ್ತೆ ಅದೇ ಯಾವ ಗಿಡದಲ್ಲೂ ಬಿಡದ ಹೂವಿಗೆ ಬಂದು ನಿಲ್ಲುತ್ತೇವೆ.

ಹೆಸರುಗಳ ವಿಷಯವನ್ನು ಮೊದಲೇ ಮುಗಿಸಿಬಿಡೋಣ. ಮಹಾರಾಷ್ಟ್ರದ ಬಾಲಭಾರತಿ ಕನ್ನಡದಲ್ಲೂ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ಮುಂಬಯಿ ಪಾಲಿಕೆಯ ಶಾಲೆಗಳಲ್ಲಿ ಕನ್ನಡ ಮಾಧ್ಯಮವೂ ಒಂದು. ಇಲ್ಲಿನ ಕನ್ನಡ ಮಗುವಿನ ಕಿವಿಗೆ ಮೂರು ಪರಿಭಾಷೆ ಒಟ್ಟಿಗೆ ಬೀಳುತ್ತವೆ. ಮನೆಯಲ್ಲಿ ಎಸಳು, ಬಯಲುಸೀಮೆಯ ಉತ್ತರದವರಾದರೆ ಪಕಳೆ. ಮರಾಠಿಯ ಪಾಕಳೀ ಅದರ ತಂಗಿ. ಇಲ್ಲಿಯ ತನಕ ತೊಂದರೆ ಇಲ್ಲ. ಎಡವುವುದು ‘ಕುಕ್ಷಿ’ಯಲ್ಲಿ. ಮರಾಠಿ ಪುಸ್ತಕದಲ್ಲಿ ಕುಕ್ಷೀ ಎಂದರೆ ಶಲಾಕೆಯ ತುದಿ, ಪರಾಗ ಬಂದು ಅಂಟಿಕೊಳ್ಳುವ ಜಾಗ. ಕನ್ನಡದ ಕಿವಿಗೆ ಕುಕ್ಷಿ ಎಂದರೆ ಹೊಟ್ಟೆ, ಗರ್ಭ. ಪಕ್ಕದ ತರಗತಿಯ ಮರಾಠಿ ತಖ್ತೆ ನೋಡಿ ಬಂದ ಮಗು ಮೇಲಿರುವ ಹೆಸರನ್ನು ಕೆಳಗಿರುವ ಅಂಡಾಶಯಕ್ಕೆ ಅಂಟಿಸಿದರೆ ಅದರ ತರ್ಕದಲ್ಲಿ ಲೋಪವಿಲ್ಲ. ಆದ್ದರಿಂದ ಹೆಸರು ಕಡೆಗಿರಲಿ. ಮೊದಲು ಎಣಿಕೆ, ಆಮೇಲೆ ಅಂಟಿದೆಯೋ ಬಿಡಿಯಾಗಿದೆಯೋ ಎಂಬ ಪರೀಕ್ಷೆ, ಆಮೇಲೆ ಯಾವುದು ಯಾವುದರ ಮೇಲೆ ಕೂತಿದೆ ಎಂಬುದು. ಈ ಮೂರು ತಿಳಿದ ಮೇಲೆ ಹೆಸರು ತಾನಾಗಿ ಕೂರುತ್ತದೆ.

ಸಲಕರಣೆ ಹೆಚ್ಚಿಲ್ಲ. ಹತ್ತು ಪಟ್ಟು ದೊಡ್ಡದು ಮಾಡುವ ಕೈಮಸೂರ, ಹೊಸ ಬ್ಲೇಡು, ಚಿಮಟ, ಎರಡು ಸೂಜಿ, ಒಂದು ಬಿಳಿ ಮತ್ತು ಒಂದು ಕಪ್ಪು ಕಾಗದ, ಸಣ್ಣ ತಟ್ಟೆಯಲ್ಲಿ ನೀರು. ಹೊಲಿಗೆಯ ಸೂಜಿಯ ಹಿಂಬದಿಯನ್ನು ಪೆನ್ಸಿಲಿನ ರಬ್ಬರಿಗೆ ಚುಚ್ಚಿದರೆ ಒಳ್ಳೆಯ ಸೂಜಿ ಸಿದ್ಧ. ಕಪ್ಪು ಕಾಗದ ಏಕೆಂದರೆ ಬಿಳಿಯ ಅಂಡಕ ಬಿಳಿಯ ಹಾಳೆಯ ಮೇಲೆ ಕಾಣುವುದಿಲ್ಲ. ಕೈಮಸೂರವನ್ನು ಬಹುಪಾಲು ಮಂದಿ ಹೂವಿನ ಹತ್ತಿರ ಹಿಡಿದು ದೂರದಿಂದ ಇಣುಕುತ್ತಾರೆ. ಮಸೂರ ಕಣ್ಣಿಗೆ ಹತ್ತಿಕೊಂಡಿರಬೇಕು, ಹೂವನ್ನು ಅದರತ್ತ ತರಬೇಕು. ಎಂಟನೆಯ ತರಗತಿಗಿಂತ ಕೆಳಗಿನವರ ಕೈಗೆ ಬ್ಲೇಡು ಬೇಡ, ಸೂಜಿ ಮತ್ತು ಉಗುರು ಸಾಕು.

ದಾಸವಾಳದಿಂದಲೇ ಶುರುಮಾಡುವುದು ವಾಡಿಕೆ. ವಾಡಿಕೆ ಸರಿಯಾಗಿಯೇ ಇದೆ. ದೊಡ್ಡ ಹೂ, ವರ್ಷವಿಡೀ ಸಿಗುತ್ತದೆ, ಗಣಪತಿಯ ದೆಸೆಯಿಂದ ಮಂಗಳವಾರ ಕಡ್ಡಾಯವಾಗಿ ಸಿಗುತ್ತದೆ. ಅರಳಿದ್ದು ಒಂದೇ ದಿನದ ಬಾಳು, ಸಂಜೆಗೆ ಸುರುಳಿ ಸುತ್ತಿಕೊಳ್ಳುತ್ತದೆ. ಹಾಗಾಗಿ ಹಿಂದಿನ ಸಂಜೆ ತುಂಬು ಮೊಗ್ಗು ತಂದು ಒದ್ದೆ ಬಟ್ಟೆಯಲ್ಲಿ ಸುತ್ತಿ ತಿಂಡಿ ಡಬ್ಬಿಯೊಳಗೆ ಇಟ್ಟರೆ ಬೆಳಗಿನ ತರಗತಿಗೆ ಅರಳಿರುತ್ತದೆ. ನೀರಿನಲ್ಲಿ ಮುಳುಗಿಸಿ ಇಡಬೇಡಿ. ಪರಾಗ ಒದ್ದೆಯಾಗಿ ಗಂಟು ಕಟ್ಟುತ್ತದೆ.

ಹೊರಗಿನಿಂದ ಒಳಕ್ಕೆ ಹೋಗೋಣ. ಹಸಿರು ಪುಷ್ಪಪಾತ್ರೆಯ ಹೊರಗೆ ಇನ್ನೊಂದು ಸಾಲು ಕಿರಿದಾದ ಹಸಿರು ಎಲೆಗಳಿವೆ, ಐದರಿಂದ ಏಳು. ಇದು ಉಪಪುಷ್ಪಪಾತ್ರೆ. ಅದರೊಳಗಿನ ಐದು ಪುಷ್ಪಪತ್ರಗಳು ಬುಡದಲ್ಲಿ ಕೂಡಿ ಬಟ್ಟಲಾಗಿವೆ. ಮಕ್ಕಳು ಎರಡೂ ಸಾಲು ಸೇರಿಸಿ ಹನ್ನೆರಡು ಎಂದು ಬರೆಯುವುದು ಇಲ್ಲಿಯೇ. ಒಳಗೆ ಐದು ಎಸಳು, ಒಂದರ ಅಂಚು ಮುಂದಿನದರ ಮೇಲೆ, ಅದರ ಅಂಚು ಅದರ ಮುಂದಿನದರ ಮೇಲೆ, ಸುತ್ತ ಒಂದೇ ದಿಕ್ಕಿಗೆ. ಇದನ್ನು ಅರಳಿದ ಹೂವಿನಲ್ಲಿ ಹುಡುಕುವುದಕ್ಕಿಂತ ಮೊಗ್ಗನ್ನು ಮೇಲಿನ ಮೂರನೇ ಒಂದು ಭಾಗದಲ್ಲಿ ಅಡ್ಡಕ್ಕೆ ಕತ್ತರಿಸಿ ನೋಡುವುದು ಲೇಸು. ಸುರುಳಿ ಸುತ್ತಿದ ಪತ್ರೊಡೆಯನ್ನು ಕೊಯ್ದ ಹಾಗೆ ಕಾಣುತ್ತದೆ.

ಈಗ ಕೇಸರ. ದಾಸವಾಳದ ಪಾಠ ಕೆಡುವುದು ಈ ಹಂತದಲ್ಲಿ. ನಡುವಿನಿಂದ ಹೊರಚಾಚಿದ ಉದ್ದನೆಯ ಕೆಂಪು ಕೋಲನ್ನು ನೋಡಿ, ಅದರ ಮೈಮೇಲೆಲ್ಲ ಹಳದಿ ಪರಾಗಕೋಶ ಅಂಟಿರುವುದನ್ನು ನೋಡಿ, ‘ಶಲಾಕೆಯ ಮೇಲೆ ಕೇಸರ ಹುಟ್ಟಿದೆ’ ಎಂದು ತೀರ್ಮಾನಿಸುತ್ತಾರೆ. ನಿಜಕ್ಕೆ ಆ ಕೋಲು ಒಂದು ಕೊಳವೆ. ಅಸಂಖ್ಯ ಕೇಸರಗಳ ದಂಡಗಳೆಲ್ಲ ಕೂಡಿ ಆದದ್ದು. ಶಲಾಕೆಯ ನಳಿಕೆ ಅದರೊಳಗೆ ದಾರದಂತೆ ಹಾದು ತುದಿಯಲ್ಲಿ ಐದು ಮಖಮಲ್ಲಿನ ಗುಂಡುಗಳಾಗಿ ಹೊರಬರುತ್ತದೆ. ಕೊಳವೆಯನ್ನು ಉದ್ದಕ್ಕೆ ಸೀಳುವಾಗ ಬ್ಲೇಡು ಆಳಕ್ಕೆ ಹೋದರೆ ಒಳಗಿನ ದಾರವೂ ಸೀಳಿಹೋಗಿ ತಪ್ಪು ತೀರ್ಮಾನವೇ ಗಟ್ಟಿಯಾಗುತ್ತದೆ. ಹೀಗೆ ಮಾಡಿ: ಸೂಜಿಯ ಮೊನೆಯನ್ನು ಕೊಳವೆಯ ಬುಡಕ್ಕೆ, ಎಸಳು ಅಂಟಿರುವ ಜಾಗಕ್ಕೆ ಹಾಕಿ ಮೇಲ್ಮುಖವಾಗಿ ಹರಿಯಿರಿ. ಕೊಳವೆ ಬಾಯಿ ಬಿಡುತ್ತದೆ, ನಳಿಕೆ ತಾನೇ ಬೇರೆಯಾಗಿ ನಿಲ್ಲುತ್ತದೆ. ಎಸಳುಗಳನ್ನು ಒಂದೊಂದಾಗಿ ಕಿತ್ತರೆ ಕೊಳವೆಯ ಬುಡವೂ ಹರಿದು ಬರುತ್ತದೆ, ಏಕೆಂದರೆ ಎರಡೂ ಬುಡದಲ್ಲಿ ಕೂಡಿಕೊಂಡಿವೆ. ಈ ‘ಹರಿದು ಬರುವುದು’ ತಪ್ಪೆಂದು ಗದರಬೇಡಿ, ಅದೇ ಸಾಕ್ಷಿ. ಮಸೂರದಲ್ಲಿ ಪರಾಗಕೋಶ ನೋಡಿದರೆ ಮೂತ್ರಪಿಂಡದ ಆಕಾರದ ಒಂದೇ ಹಾಲೆ. ಬಹುಪಾಲು ಹೂಗಳಲ್ಲಿ ಎರಡಿರುತ್ತವೆ. ಪರಾಗವೂ ದೊಡ್ಡದು, ನೂರು ಮೈಕ್ರಾನ್ ದಾಟುತ್ತದೆ, ಸೂಕ್ಷ್ಮದರ್ಶಕದಲ್ಲಿ ಮೈತುಂಬ ಮುಳ್ಳು.

ಅಂಡಾಶಯವನ್ನು ನಡುವೆ ಅಡ್ಡಕ್ಕೆ ಕೊಯ್ದರೆ ಐದು ಕೋಣೆ, ಅಂಡಕಗಳೆಲ್ಲ ನಡುಗಂಬಕ್ಕೆ ಅಂಟಿವೆ. ಆದರೆ ಚಿಕ್ಕದು, ಲೋಳೆ ಬೇರೆ, ಬ್ಲೇಡು ಜಾರುತ್ತದೆ. ಮನೆಯಂಗಳದ ದಾಸವಾಳ ಕಾಯಿ ಕಟ್ಟುವುದೂ ತೀರ ಅಪರೂಪ, ಹಾಗಾಗಿ ‘ಇದು ಮುಂದೇನಾಗುತ್ತದೆ’ ಎಂದು ತೋರಿಸಲು ದಾರಿಯಿಲ್ಲ. ದಾರಿ ತರಕಾರಿ ಗಾಡಿಯಲ್ಲಿದೆ. ಬೆಂಡೆಕಾಯಿ ದಾಸವಾಳದ ಕುಟುಂಬದ್ದೇ. ಅಡ್ಡಕ್ಕೆ ಹೆಚ್ಚಿದ ಒಂದು ಬಿಲ್ಲೆ, ಪಕ್ಕದಲ್ಲಿ ದಾಸವಾಳದ ಅಂಡಾಶಯದ ಒಂದು ಬಿಲ್ಲೆ: ಅದೇ ನಕಾಶೆ, ಅದೇ ಲೋಳೆ. ಕೆಲವು ತಳಿಯ ಬೆಂಡೆಯಲ್ಲಿ ಐದರ ಬದಲು ಏಳೆಂಟು ಕೋಣೆ ಸಿಕ್ಕರೆ ಗಾಬರಿಯಾಗಬೇಡಿ, ಬೆಳೆಗಾರರ ಆಯ್ಕೆ ಸಂಖ್ಯೆಯನ್ನು ಹೆಚ್ಚಿಸಿದೆ. ಟೊಮೇಟೊದಲ್ಲೂ ಹೀಗೆಯೇ: ಕುಟುಂಬದ ಲಕ್ಷಣ ಎರಡು ಕೋಣೆ, ಪೇಟೆಯ ದಪ್ಪ ಹಣ್ಣಿನಲ್ಲಿ ಐದಾರು.

ಪೇಟೆಯಿಂದ ಬಂದ ದಾಸವಾಳ ಕೆಲವು ಸಲ ಮುದ್ದೆ ದಾಸವಾಳವಾಗಿರುತ್ತದೆ, ಎಸಳಿನ ಮೇಲೆ ಎಸಳು. ಎಷ್ಟೋ ಶಿಕ್ಷಕರು ಇದನ್ನು ‘ಪಾಠಕ್ಕೆ ಬರುವುದಿಲ್ಲ’ ಎಂದು ಪಕ್ಕಕ್ಕಿಡುತ್ತಾರೆ. ನನಗನ್ನಿಸುವಂತೆ ಎಸೆಯಬಾರದ ಹೂ ಇದೇ. ಒಳಗಿನ ಎಸಳುಗಳನ್ನು ಒಂದೊಂದಾಗಿ ಬಿಳಿ ಕಾಗದದ ಮೇಲೆ ಸಾಲಾಗಿ ಇಡಿ. ಹೊರಗಿನ ಐದು ನಿಜವಾದ ಎಸಳು. ಅಲ್ಲಿಂದ ಒಳಕ್ಕೆ ಹೋದಂತೆ ಕಿರಿದಾಗುತ್ತ, ಮುರುಟಿಕೊಳ್ಳುತ್ತ ಬರುತ್ತವೆ. ನಡುವೆ ಎಲ್ಲೋ ಅರ್ಧ ಎಸಳು, ಅದರ ಅಂಚಿನಲ್ಲಿ ಒಂದು ಹಳದಿ ಪರಾಗಕೋಶ. ಅಂದರೆ ಕೇಸರವಾಗಬೇಕಿದ್ದದ್ದು ಎಸಳಾಗಿದೆ. ಹೂವಿನ ಅಂಗಗಳೆಲ್ಲ ಎಲೆಯ ರೂಪಾಂತರ ಎಂದು ಜರ್ಮನ್ ಕವಿ ಗಯಟೆ 1790ರಲ್ಲೇ ಬರೆದಿದ್ದ. ಅದರ ಒಳಗುಟ್ಟು ತಿಳಿಯಲು 1991ರ ತನಕ ಕಾಯಬೇಕಾಯಿತು. ಎನ್ರಿಕೊ ಕೋಯೆನ್ ಮತ್ತು ಎಲಿಯಟ್ ಮೇಯರೋವಿಟ್ಜ್ ಮುಂದಿಟ್ಟ ಲೆಕ್ಕ ಸರಳವಾದದ್ದು: ಎ, ಬಿ, ಸಿ ಎಂದು ಮೂರು ಬಗೆಯ ಜೀನ್ ಕೆಲಸ. ಎ ಒಂದೇ ಇದ್ದಲ್ಲಿ ಪುಷ್ಪಪತ್ರ, ಎ ಮತ್ತು ಬಿ ಕೂಡಿದಲ್ಲಿ ಎಸಳು, ಬಿ ಮತ್ತು ಸಿ ಕೂಡಿದಲ್ಲಿ ಕೇಸರ, ಸಿ ಒಂದೇ ಇದ್ದಲ್ಲಿ ಶಲಾಕೆ. ಸಿ ಕೈಕೊಟ್ಟರೆ ಎ ಆ ಜಾಗಕ್ಕೂ ಹಬ್ಬುತ್ತದೆ, ಕೇಸರದ ಜಾಗದಲ್ಲಿ ಎಸಳು ಬರುತ್ತದೆ. ಹೂವಾಡಗಿತ್ತಿಯ ಬುಟ್ಟಿಯ ಮುದ್ದೆ ಹೂಗಳನ್ನು ಅರ್ಥಮಾಡಿಕೊಳ್ಳಲು ಈ ಲೆಕ್ಕ ಬಲು ಉಪಯೋಗಿ. ಸುತ್ತು ಮಲ್ಲಿಗೆ, ಎರಡು ಸುತ್ತಿನ ಸುಗಂಧರಾಜ, ಪೇಟೆಯ ಗುಲಾಬಿ ಎಲ್ಲವೂ ನಾವು ಅಂದಕ್ಕಾಗಿ ಉಳಿಸಿಕೊಂಡು ಬಂದ ಇಂಥ ಹೆಚ್ಚುವರಿ ದಳಗಳೇ. ಒಂಟಿ ಸುತ್ತಿನ ಮಲ್ಲಿಗೆಯ ಕೊಳವೆ ಸೀಳಿದರೆ ಎರಡೇ ಎರಡು ಕೇಸರ ಇರುವುದನ್ನು ಕಂಡು ಮಕ್ಕಳು ಮೂರನೆಯದನ್ನು ಹುಡುಕುತ್ತ ಕೂರುತ್ತಾರೆ.

ಬಟಾಣಿ ಹೂ ಎಂದು ಪುಸ್ತಕ ಹೇಳುತ್ತದೆ. ಮುಂಬಯಿಯಲ್ಲಿ ಬಟಾಣಿ ಹೂ ಎಲ್ಲಿಂದ ತರುವುದು? ಬದಲಿಗೆ ಅಗಸೆ ಹೂ ತನ್ನಿ. ಎಣ್ಣೆಯ ಅಗಸೆಯಲ್ಲ, ಮರದ ಅಗಸೆ, ಮರಾಠಿಯ ಹಾದಗಾ. ಪಲ್ಯಕ್ಕೆಂದು ತರಕಾರಿ ಪೇಟೆಯಲ್ಲೇ ಮಾರುತ್ತಾರೆ. ಅವರೆ, ತೊಗರಿ, ಬಟಾಣಿಯ ಕುಟುಂಬದ್ದೇ, ಆದರೆ ಹೂ ಏಳೆಂಟು ಸೆಂಟಿಮೀಟರ್ ಉದ್ದ; ಹಿಂದಿನ ಬೆಂಚಿಗೂ ಕಾಣುತ್ತದೆ. ಒಂದು ದೊಡ್ಡ ಪತಾಕೆಯ ಎಸಳು, ಎರಡು ರೆಕ್ಕೆ, ಕೂಡಿ ದೋಣಿಯಾದ ಎರಡು ಎಸಳು. ದೋಣಿಯನ್ನು ಬಿಡಿಸಿದರೆ ಹತ್ತು ಕೇಸರ: ಒಂಬತ್ತು ಕೂಡಿ ತೆರೆದ ತೊಟ್ಟಿಲು, ಹತ್ತನೆಯದು ಒಂಟಿ. ಒಂಟಿಯನ್ನು ಸೂಜಿಯಿಂದ ಮೇಲೆತ್ತಿ ತೋರಿಸಿ. ತೊಟ್ಟಿಲೊಳಗೆ ಉದ್ದನೆಯ ಹಸಿರು ಅಂಡಾಶಯ, ಎಳೆಯ ಹುರುಳಿಕಾಯಿಯಂತೆ. ಪಲ್ಯ ಮಾಡುವವರು ಕಹಿ ಎಂದು ಕಿತ್ತೆಸೆಯುವ ನಡುಭಾಗ ಇದೇ, ಅಂದರೆ ಅಡುಗೆಗೆ ಬೇಡವಾದದ್ದೇ ಪಾಠಕ್ಕೆ ಬೇಕಾದದ್ದು.

ಪೇಟೆಯ ಹೂವಿಗೆ ಒಂದು ದೊಡ್ಡ ಕೊರತೆಯಿದೆ: ಅದು ತನ್ನ ದಿಕ್ಕನ್ನು ಗಿಡದಲ್ಲೇ ಬಿಟ್ಟು ಬಂದಿರುತ್ತದೆ. ಪುಷ್ಪಚಿತ್ರ, ಅಂದರೆ ಹೂವಿನ ಅಡ್ಡಕೊಯ್ತದ ನಕ್ಷೆ, ಬರೆಯುವಾಗ ಮೇಲೊಂದು ಚುಕ್ಕೆ ಇಡುತ್ತೇವಲ್ಲ, ಅದು ಹೂವನ್ನು ಹೊತ್ತ ಕಡ್ಡಿಯ ಗುರುತು. ಅದರ ಎದುರು, ಕೆಳಗೆ, ತೊಟ್ಟಿನ ಬುಡದ ಎಲೆ. ಯಾವ ಎಸಳು ಕಡ್ಡಿಯ ಕಡೆಗಿತ್ತು ಎಂಬುದು ಗಿಡದ ಮೇಲೆ ನೋಡಿದವರಿಗಷ್ಟೇ ಗೊತ್ತು. ಮಕ್ಕಳು ಚುಕ್ಕೆಯನ್ನು ಅಲಂಕಾರವೆಂದು ತಿಳಿದು ಎಲ್ಲೆಂದರಲ್ಲಿ ಇಡುವುದು ಇದಕ್ಕೇ. ಈ ಒಂದು ಮಾತಿಗಾದರೂ ಸೊಸೈಟಿಯ ಕಾಂಪೌಂಡಿನಲ್ಲಿ ಹಬ್ಬಿದ ಶಂಖಪುಷ್ಪದ ಬಳ್ಳಿಯ ಮುಂದೆ ಹೋಗಿ ನಿಲ್ಲಬೇಕು. ಅಗಸೆಯಲ್ಲಿ ಪತಾಕೆ ಮೇಲೆ, ದೋಣಿ ಕೆಳಗೆ. ಶಂಖಪುಷ್ಪದಲ್ಲಿ ನೀಲಿ ಪತಾಕೆ ಕೆಳಗೆ ಹಾಸಿರುತ್ತದೆ, ಕೇಸರ ಮತ್ತು ಶಲಾಕೆ ಮೇಲಿನಿಂದ ಬಾಗಿರುತ್ತವೆ. ಹೂ ತಲೆಕೆಳಗಾಗಿ ಅರಳುತ್ತದೆ; ಒಳಗೆ ನುಗ್ಗಿದ ಜೇನ್ನೊಣದ ಬೆನ್ನಿಗೆ ಪರಾಗ ಹತ್ತುತ್ತದೆ. ಕಿತ್ತು ತಂದು ಮೇಜಿನ ಮೇಲಿಟ್ಟರೆ ಅದೂ ಅಗಸೆಯಂತೆಯೇ ಕಾಣುತ್ತದೆ, ಈ ಸಂಗತಿ ಪೂರಾ ಕಳೆದುಹೋಗುತ್ತದೆ.

ಮೊದಲು ಬಿಟ್ಟ ಚೆಂಡುಹೂವಿಗೆ ಬರೋಣ. ದಸರೆಯ ಹೊತ್ತಿಗೆ ದಾದರಿನಲ್ಲಿ ರಾಶಿ ರಾಶಿ. ಅದು ಒಂದು ಹೂವಲ್ಲ, ಒಂದು ಊರು. ಎಸಳೆಂದು ಕಿತ್ತದ್ದರ ಬುಡ ನೋಡಿ: ಕೆಳಗೆ ಕಪ್ಪು ಕಡ್ಡಿಯಂಥ ಅಂಡಾಶಯ, ಅದರ ಮೇಲೆ ಚೂಪಾದ ಹೊಟ್ಟಿನ ತುಣುಕುಗಳು, ಅವೇ ಪುಷ್ಪಪಾತ್ರೆಯ ಅವಶೇಷ. ಎಸಳಿನ ಬುಡ ಕೊಳವೆಯಾಗಿದೆ. ಅಂದರೆ ಒಂದೊಂದು ‘ಎಸಳೂ’ ಒಂದು ಇಡೀ ಕಿರುಹೂ. ಬಿತ್ತನೆಗೆ ಬಳಸುವ ಕಪ್ಪು ಕಡ್ಡಿಯೂ ಬೀಜವಲ್ಲ, ಬೀಜವನ್ನು ಒಳಗಿಟ್ಟುಕೊಂಡ ಹಣ್ಣು. ಆದರೆ ಮಾಲೆಯ ಚೆಂಡುಹೂ ಹೆಚ್ಚಾಗಿ ಮುದ್ದೆ ಜಾತಿಯದ್ದು, ಎಲ್ಲವೂ ನಾಲಗೆಯಂಥ ಕಿರುಹೂಗಳೇ. ನಡುವಿನ ಕೊಳವೆಯ ಕಿರುಹೂ ಬೇಕಾದರೆ ರೈಲು ಹಳಿಯ ಪಕ್ಕದ ಕಳೆಯಾದ ಟ್ರೈಡ್ಯಾಕ್ಸ್ ಕಿತ್ತು ತನ್ನಿ. ಕೆರೆದ ಗಾಯಕ್ಕೆ ಎಲೆ ಅರೆದು ಹಚ್ಚುತ್ತಾರಲ್ಲ, ಅದೇ. ಅಮೆರಿಕದ ಉಷ್ಣವಲಯದಿಂದ ಬಂದು ಎಲ್ಲೆಡೆ ಹಬ್ಬಿದ ಗಿಡ. ಅಂಚಿನಲ್ಲಿ ತುದಿ ಮೂರು ಹಲ್ಲಾದ ಬಿಳಿಚು ಹೆಣ್ಣು ಕಿರುಹೂಗಳು, ನಡುವೆ ಹಳದಿಯ ದ್ವಿಲಿಂಗಿಗಳು. ಒಂದನ್ನು ಸೂಜಿಯಿಂದ ಸೀಳಿದರೆ ಐದು ಪರಾಗಕೋಶಗಳು ಪರಸ್ಪರ ಅಂಟಿ ಕೊಳವೆಯಾಗಿರುವುದು ಮಸೂರಕ್ಕೆ ಸಿಗುತ್ತದೆ. ದಾಸವಾಳದಲ್ಲಿ ಅಂಟಿದ್ದು ದಂಡ, ಇಲ್ಲಿ ಅಂಟಿದ್ದು ಕೋಶ.

ಬಿಡಿ ಬಿಡಿಯಾದ ಶಲಾಕೆಗೆ ಸಂಪಿಗೆಯನ್ನು ಮೀರಿಸಿದ್ದಿಲ್ಲ. ಮುಂಬಯಿಯ ಸಿಗ್ನಲ್ಲುಗಳಲ್ಲಿ ಸೋನಚಾಫಾ ಎಂದು ಕಟ್ಟು ಮಾಡಿ ಮಾರುತ್ತಾರೆ. ಎಸಳುಗಳನ್ನೆಲ್ಲ ತೆಗೆದರೆ ನಡುವೆ ಪುಟ್ಟ ಜೋಳದ ತೆನೆಯಂಥ ಕಂಬ. ಕೆಳಗೆ ಒತ್ತಾಗಿ ಕೇಸರ, ಮೇಲೆ ಸುರುಳಿಯಾಗಿ ಕೂತ ಹಸಿರು ಶಲಾಕೆಗಳು, ಒಂದಕ್ಕೊಂದು ಅಂಟಿಲ್ಲ. ಇಲ್ಲಿ ಪುಷ್ಪಪತ್ರ ಯಾವುದು, ಎಸಳು ಯಾವುದು ಎಂದು ಬೇರ್ಪಡಿಸಲು ಹೋಗಿ ಸೋಲುವುದೇ ಸರಿಯಾದ ಉತ್ತರ. ಎರಡೂ ಒಂದೇ ಥರ. ತಾವರೆಯ ಶಲಾಕೆಗಳೂ ಬಿಡಿಬಿಡಿ, ಆದರೆ ಸ್ಪಂಜಿನಂಥ ಪೀಠದಲ್ಲಿ ಒಂದೊಂದು ಗುಂಡಿಯಲ್ಲಿ ಹುದುಗಿವೆ. ಪೇಟೆಯಲ್ಲಿ ‘ಕಮಲ’ ಎಂಬ ಒಂದೇ ಹೆಸರಿಗೆ ತಾವರೆಯೂ ನೈದಿಲೆಯೂ ಬರುವುದುಂಟು. ಈ ಗುಂಡಿಯ ಪೀಠ ಇಲ್ಲದಿದ್ದರೆ ಅದು ನೈದಿಲೆ. ನೀರಿನಲ್ಲಿ ಜೊತೆಗಿದ್ದ ಮಾತ್ರಕ್ಕೆ ನೆಂಟರಲ್ಲ. ಡಿಎನ್‌ಎ ಆಧಾರದ ವರ್ಗೀಕರಣದಲ್ಲಿ ನೈದಿಲೆ ಹೂಗಿಡಗಳ ವಂಶವೃಕ್ಷದ ತೀರ ಬುಡದಲ್ಲಿ ಕವಲೊಡೆದದ್ದು. ತಾವರೆ ಬೇರೆಯೇ ಕೊಂಬೆಯಲ್ಲಿದೆ. ಹೊಳೆದಾಸವಾಳವೂ ಹಾಗೆಯೇ: ಮಹಾರಾಷ್ಟ್ರದ ರಾಜ್ಯಪುಷ್ಪ, ಮರಾಠಿಯ ತಾಮ್ಹಣ. ಹೆಸರಿನಲ್ಲಿ ದಾಸವಾಳ ಉಂಟು, ಹೂವಿನಲ್ಲಿ ಕೇಸರದ ಕೊಳವೆ ಇಲ್ಲ, ಕೇಸರಗಳೆಲ್ಲ ಬಿಡಿ. ದಾಸವಾಳದ ನೆಂಟ ಅಲ್ಲ, ಗೋರಂಟಿಯ ನೆಂಟ.

ಅಡ್ಡಕೊಯ್ತದ ಬಗ್ಗೆ ಸ್ವಲ್ಪ ನಿಧಾನಿಸಬೇಕು. ಸೂಕ್ಷ್ಮದರ್ಶಕಕ್ಕೆ ಬೇಕಾದ ತೆಳುಬಿಲ್ಲೆ ಕೈಯಲ್ಲಿ ಹಿಡಿದ ಎಳೆ ಕಾಂಡದಿಂದ ಬರುವುದಿಲ್ಲ, ಮೆತ್ತಗೆ ಬಾಗಿಬಿಡುತ್ತದೆ. ಕ್ಯಾರೆಟ್ಟಿನ ಅಥವಾ ಆಲೂಗೆಡ್ಡೆಯ ತುಂಡಿನಲ್ಲಿ ಸೀಳು ಮಾಡಿ ಕಾಂಡವನ್ನು ಅದರಲ್ಲಿ ಸಿಕ್ಕಿಸಿ, ಎರಡನ್ನೂ ಒಟ್ಟಿಗೆ ಕೊಯ್ಯಿರಿ. ಬ್ಲೇಡು ಒದ್ದೆಯಾಗಿರಲಿ, ಕತ್ತರಿಸುವಂತೆ ಒತ್ತದೆ ತನ್ನತ್ತ ಎಳೆಯಬೇಕು. ಇಪ್ಪತ್ತು ಮೂವತ್ತು ಬಿಲ್ಲೆ ಕೊಯ್ದು ನೀರಿಗೆ ಬಿಟ್ಟು, ಅರೆಪಾರದರ್ಶಕವಾದ ಎರಡು ಮೂರನ್ನು ಆರಿಸಿ. ಪೂರ್ತಿ ವೃತ್ತ ಇರಬೇಕೆಂಬ ಹಟ ಬೇಡ; ದಪ್ಪನೆಯ ಪೂರ್ಣ ವೃತ್ತಕ್ಕಿಂತ ತೆಳ್ಳನೆಯ ಕಾಲು ಚೂರು ಹೆಚ್ಚು ಹೇಳುತ್ತದೆ. 1 ಶೇಕಡಾ ಸಫ್ರಾನಿನ್ ಎಂಬ ಕೆಂಪು ಬಣ್ಣದಲ್ಲಿ ಎರಡು ಮೂರು ನಿಮಿಷ, ಆಮೇಲೆ ಬಣ್ಣ ಬಿಡುವುದು ನಿಲ್ಲುವ ತನಕ ನೀರಿನಲ್ಲಿ ತೊಳೆತ, ಗ್ಲಿಸರಿನ್ ಒಂದು ಹನಿ. ಗಾಜಿನ ಹೊದಿಕೆಯನ್ನು ಒಂದು ಅಂಚು ತಾಗಿಸಿ, ಸೂಜಿಯ ಆಸರೆಯಲ್ಲಿ ಓರೆಯಾಗಿ ಇಳಿಸಿ. ದಬಕ್ಕನೆ ಬಿಟ್ಟರೆ ಗಾಳಿಗುಳ್ಳೆ. ಕಪ್ಪು ದಪ್ಪ ಅಂಚಿನ ಅಚ್ಚುಕಟ್ಟಾದ ವೃತ್ತ ಬರೆದು ‘ಜೀವಕೋಶ’ ಎಂದು ಹೆಸರಿಟ್ಟ ಪ್ರಾಯೋಗಿಕ ಪುಸ್ತಕಗಳು ಎಷ್ಟಿವೆಯೋ.

ಎಲ್ಲಿ ಕೊಯ್ಯುತ್ತೇವೆ ಎಂಬುದೂ ಉತ್ತರವನ್ನು ಬದಲಿಸುತ್ತದೆ. ದತ್ತೂರದ ಅಂಡಾಶಯ ಎರಡು ಶಲಾಕೆ ಕೂಡಿ ಆದದ್ದು. ತುದಿಯ ಬಳಿ ಕೊಯ್ದರೆ ಎರಡು ಕೋಣೆ, ಬುಡದ ಬಳಿ ಕೊಯ್ದರೆ ನಾಲ್ಕು. ನಡುವೆ ಎದ್ದ ಹುಸಿಗೋಡೆ ಮೇಲಿನ ತನಕ ಮುಟ್ಟುವುದಿಲ್ಲ. ಒಂದೇ ಬೆಂಚಿನ ಇಬ್ಬರು ಬೇರೆ ಬೇರೆ ಉತ್ತರ ಬರೆದು ಇಬ್ಬರೂ ಸರಿಯಾಗಿರಬಹುದು. ದತ್ತೂರ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಕಣ್ಣಿಗೆ ಒಯ್ಯಬಾರದು, ಕಣ್ಣಿನ ಪಾಪೆ ಹಿಗ್ಗಿ ಗಂಟೆಗಟ್ಟಲೆ ಮಸುಕಾಗುತ್ತದೆ, ಬಾಯಿಗಂತೂ ಸೋಕಲೇಬಾರದು. ಎಕ್ಕದ ಹಾಲು ಅದಕ್ಕಿಂತ ಕೆಟ್ಟದ್ದು, ಕಣ್ಣಿಗೆ ಬಿದ್ದರೆ ಕಣ್ಣುಗುಡ್ಡೆಗೆ ನೇರ ಪೆಟ್ಟು. ಹಾಗಿದ್ದೂ ದೊಡ್ಡ ತರಗತಿಯ ಪಾಠದಿಂದ ಎಕ್ಕವನ್ನು ಕೈಬಿಡಲು ಮನಸ್ಸಾಗುವುದಿಲ್ಲ. ಶನಿವಾರ ಹನುಮಂತನ ಗುಡಿಯ ಮುಂದೆ ಸಿಗುವ ಮಾಲೆಯಿಂದ ಒಂದು ಹೂ ಸಾಕು. ನಡುವಿನ ಪೀಠಕ್ಕೆ ಐದು ಮೂಲೆ; ಪ್ರತಿ ಮೂಲೆಯಲ್ಲಿ ಒಂದು ಸೀಳು, ಸೀಳಿನ ತಲೆಯಲ್ಲಿ ಕಂದು ಚುಕ್ಕೆ. ಸೂಜಿಯನ್ನು ಸೀಳಿನಲ್ಲಿ ಕೆಳಗಿನಿಂದ ಮೇಲಕ್ಕೆ ಎಳೆದರೆ ಚುಕ್ಕೆ ಮೊನೆಗೆ ಕಚ್ಚಿಕೊಂಡು ಹೊರಬರುತ್ತದೆ, ಅದಕ್ಕೆ ಜೋತುಬಿದ್ದ ಎರಡು ಹಳದಿ ಚೀಲಗಳೊಂದಿಗೆ. ಪರಾಗ ಪುಡಿಯಾಗಿ ಉದುರುವ ಬದಲು ಚೀಲವಾಗಿಯೇ ರವಾನೆಯಾಗುತ್ತದೆ. ಸೂಜಿ ಮಾಡಿದ್ದು ದುಂಬಿಯ ಕಾಲಿನ ಕೆಲಸ.

ಮಳೆಗಾಲದಲ್ಲಿ ಇನ್ನೊಂದು ಪ್ರಯೋಗಕ್ಕೆ ಕರ್ಣಕುಂಡಲ ಒದಗುತ್ತದೆ, ಬೋರಿವಲಿ, ಠಾಣೆಯ ಗುಡ್ಡದ ಅಂಚಿನಲ್ಲಿ ತಾನಾಗಿ ಬೆಳೆಯುವ ತೇರಡಾ. ‘ತೇರಡ್ಯಾಚಾ ರಂಗ್ ತೀನ್ ದಿವಸ್’ ಎಂಬ ಮರಾಠಿ ಗಾದೆಯ ಗಿಡವೇ. 100 ಮಿಲಿಲೀಟರ್ ನೀರಿಗೆ 10 ಗ್ರಾಂ ಸಕ್ಕರೆ, 10 ಮಿಲಿಗ್ರಾಂ ಬೋರಿಕ್ ಆಮ್ಲ. ಒಂದು ಹನಿಯ ಮೇಲೆ ಹೊಸ ಹೂವಿನ ಪರಾಗ ಉದುರಿಸಿ ಅರ್ಧ ಗಂಟೆಯೊಳಗೆ ನೋಡಿದರೆ ಕಣದಿಂದ ನಳಿಕೆ ಮೊಳೆತಿರುತ್ತದೆ. ಬರೀ ನೀರು ಹಾಕಿದರೆ ಕಣ ನೀರು ಕುಡಿದು ಒಡೆಯುತ್ತದೆ, ಸಕ್ಕರೆ ಹೆಚ್ಚಾದರೆ ಮುರುಟುತ್ತದೆ. ಹೂ ಹಳೆಯದಾದರೆ ಕೇಸರಗಳ ಟೋಪಿ ಕಳಚಿ ಬಿದ್ದಿರುತ್ತದೆ, ಪರಾಗವೇ ಸಿಗುವುದಿಲ್ಲ. ಬೋರಿವಲಿಯ ನ್ಯಾಷನಲ್ ಪಾರ್ಕಿನ ಗಡಿಯ ಒಳಗಿಂದ ಮಾತ್ರ ಏನನ್ನೂ ಕೀಳಬಾರದು. ಅಲ್ಲಿನ ಕಾರ್ವಿ ಎಂಬ ಪೊದೆಯ ಹೂವನ್ನು ನೆಚ್ಚಿ ಪಾಠ ಯೋಜಿಸುವವರಿಗೂ ಒಂದು ಮಾತು: ಅದು ಅರಳುವುದು ಎಂಟು ವರ್ಷಕ್ಕೊಮ್ಮೆ.

ಹೂವಿನಿಂದ ಹೊರಗಿನ ಭಾಗಗಳಿಗೆ ತರಕಾರಿ ಚೀಲವೇ ಸಾಕು: ಆಲೂಗೆಡ್ಡೆಯ ಕಣ್ಣು ಮೊಗ್ಗು, ಆದ್ದರಿಂದ ಅದು ಕಾಂಡ, ಗೆಣಸಿಗೆ ಕಣ್ಣಿಲ್ಲ, ಅದು ಬೇರು, ಈರುಳ್ಳಿಯ ಪದರಗಳು ಎಲೆಗಳ ಬುಡ. ಎಲೆಯ ಪತ್ರರಂಧ್ರಕ್ಕೆ ಸೊಸೈಟಿಯ ಕುಂಡದಲ್ಲಿರುವ ರಿಯೋ, ಮೇಲೆ ಹಸಿರು ಕೆಳಗೆ ನೇರಳೆ ಎಲೆ. ಕೆಳಗಿನ ಸಿಪ್ಪೆಯನ್ನು ಓರೆಯಾಗಿ ಹರಿದರೆ ಬಣ್ಣ ಹಾಕುವುದೂ ಬೇಡ: ನೇರಳೆಯ ನಡುವೆ ರಂಧ್ರದ ಎರಡು ಬದಿಯ ಹಸಿರು ಕಾವಲು ಕೋಶಗಳ ಜೋಡಿಗಳು, ಪ್ರತಿ ಜೋಡಿಯ ಸುತ್ತ ನಾಲ್ಕು ಉಪಕೋಶ.

ಹೂವಿನ ಅಂಗಗಳನ್ನು ಅಕ್ಷರ, ಅಂಕಿಗಳಲ್ಲಿ ಹೇಳುವ ಸೂತ್ರ ಬರೆಯುವುದು ಎಲ್ಲಕ್ಕಿಂತ ಕೊನೆಗೆ. ದಾಸವಾಳದ್ದು ಕೆ(5) ಸಿ5 ಎ(∞) ಜಿ(5). ಕೆ ಪುಷ್ಪಪಾತ್ರೆ, ಸಿ ಎಸಳು, ಎ ಕೇಸರ, ಜಿ ಶಲಾಕೆ, ∞ ಎಂದರೆ ಅಸಂಖ್ಯ; ಮೇಲೆ ಹೇಳಿದ ಜೀನ್‌ಗಳ ಎ, ಸಿ ಇವಲ್ಲ. ಆವರಣವೆಂದರೆ ಕೂಡಿದೆ ಎಂದರ್ಥ. ಅದೊಂದನ್ನು ಮರೆತರೆ ಸೂತ್ರವೇ ಸುಳ್ಳು. ಜಿ ಕೆಳಗೆ ಗೆರೆ ಎಳೆದರೆ ಅಂಡಾಶಯ ಉಳಿದೆಲ್ಲ ಅಂಗಗಳಿಗಿಂತ ಮೇಲೆ, ಮೇಲೆ ಗೆರೆ ಎಳೆದರೆ ಅಂಡಾಶಯ ಕೆಳಗೆ. ಗೆರೆ ಅಂಡಾಶಯದ ಜಾಗ ಎಂದುಕೊಂಡು ಉಲ್ಟಾ ಹಾಕುವವರೇ ಹೆಚ್ಚು. ಗೆರೆಯೆಂದರೆ ಉಳಿದ ಅಂಗಗಳು ಹುಟ್ಟುವ ಮಟ್ಟ ಎಂದು ತಿಳಿದರೆ ಗೊಂದಲವಿಲ್ಲ.

ಕೆಳ ಅಂಡಾಶಯಕ್ಕೆ ಸೌತೆಯ ಹೆಣ್ಣುಹೂ, ಸುಗಂಧರಾಜ ಇವೆ. ನನ್ನ ಆಯ್ಕೆ ಬಾಳೆಯ ಹೂ, ಕರಾವಳಿಯವರ ಪೂಂಬೆ. ಮಾಟುಂಗದ ತರಕಾರಿ ಸಾಲಿನಲ್ಲಿ ಸಿಗುತ್ತದೆ. ಒಂದೊಂದು ಕೆಂಪು ಹೊದಿಕೆಯನ್ನು ಎತ್ತಿದರೆ ಎರಡು ಸಾಲು ಹೂ. ಗೊನೆ ಕಟ್ಟಿದ ಬುಡದ ಹೂಗಳು ಹೆಣ್ಣು, ಪೇಟೆಗೆ ಬರುವ ತುದಿಯ ಮೂತಿಯಲ್ಲಿರುವುದು ಗಂಡು. ಪಲ್ಯಕ್ಕೆ ಬಿಡಿಸುವಾಗ ಪ್ರತಿ ಹೂವಿನಿಂದಲೂ ಎರಡು ವಸ್ತು ತೆಗೆದುಹಾಕುವುದು ಪದ್ಧತಿ: ಬೇಯದ ಒಂದು ಗಟ್ಟಿ ಕಡ್ಡಿ, ಪ್ಲಾಸ್ಟಿಕ್ಕಿನಂಥ ಒಂದು ಪಾರಕ ಪೊರೆ. ಅಡುಗೆಯ ವಿಡಿಯೋಗಳಲ್ಲಿ ಕಡ್ಡಿಯನ್ನು ಕೇಸರ ಎನ್ನುತ್ತಾರೆ. ಕೇಸರಗಳು ಅದರ ಸುತ್ತ ನಿಂತ ಐದು ತೆಳ್ಳನೆಯವು; ತುದಿಯಲ್ಲಿ ಗುಂಡು ಹೊತ್ತ ಗಟ್ಟಿ ಕಡ್ಡಿ ಶಲಾಕೆಯ ನಳಿಕೆ ಮತ್ತು ಶಲಾಕಾಗ್ರ. ಗಂಡು ಹೂವಿನಲ್ಲೂ ಅದು ಉಳಿದುಕೊಂಡಿದೆ, ಕಾಯಿ ಕಟ್ಟದಿದ್ದರೂ. ಪೊರೆಯೆಂದರೆ ಆರು ದಳಗಳಲ್ಲಿ ಐದು ಕೂಡಿಕೊಂಡ ಮೇಲೆ ಒಂಟಿಯಾಗಿ ಉಳಿದ ಆರನೆಯದು. ಬಿಡಿಸುವ ಮೊದಲು ಬೆರಳಿಗೆ ಎಣ್ಣೆ ಹಚ್ಚಿಕೊಳ್ಳಿ, ಕರೆ ಹೋಗುವುದಿಲ್ಲ. ಬಿಡಿಸಿದ ಹೂವನ್ನು ಮಜ್ಜಿಗೆ ನೀರಿಗೆ ಹಾಕದಿದ್ದರೆ ಪಿರಿಯಡ್ ಮುಗಿಯುವುದರೊಳಗೆ ಎಲ್ಲ ಕಪ್ಪಾಗುತ್ತದೆ.